ಪುತ್ತೂರು ಸೀಮೆಯ ಲೋಕಸಭಾ ಪ್ರಾತಿನಿಧ್ಯ: ನರಿಮೊಗರಿನ ನೆಲೆಯಿಂದ

ಏಕೀಕೃತ ಕನ್ನಡನಾಡಿನ ಲೋಕಸಭಾ ಪ್ರಾತಿನಿಧ್ಯದ ಚರಿತ್ರೆಯನ್ನು 1957ರ ಚುನಾವಣೆಯಿಂದ, ಅಂದರೆ ಮೈಸೂರು ರಾಜ್ಯದ 26 ಸ್ಥಾನಗಳಿಂದ ಆರಂಭಿಸುವುದು ರೂಢಿ. ಪುತ್ತೂರಿನ ಸಮೀಪದ ನರಿಮೊಗರಿನಂತಹ ಗ್ರಾಮಗಳ ಮಟ್ಟಿಗೆ ಈ ಆರಂಭ ಅಪೂರ್ಣವಾದುದು. 1951–52ರ ಪ್ರಥಮ ಮಹಾಚುನಾವಣೆಯಲ್ಲಿ ಈ ಸೀಮೆಯ ಜನ ಮತ ನೀಡಿದ್ದು ಮದರಾಸು ರಾಜ್ಯದ ಮತದಾರರಾಗಿ. ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಲೋಕಸಭಾ ಕ್ಷೇತ್ರಗಳಿದ್ದವು. ಉತ್ತರದಿಂದ ಯು. ಶ್ರೀನಿವಾಸ ಮಲ್ಯರೂ ದಕ್ಷಿಣದಿಂದ ಪತ್ರಕರ್ತ ಬೆನಗಲ್ ಶಿವರಾಯರೂ ಆಯ್ಕೆಯಾದರು. ಇಬ್ಬರೂ ಸಂವಿಧಾನ ರಚನಾ ಸಭೆಯಲ್ಲಿದ್ದವರು.

ಶಿವರಾಯರ ಕ್ಷೇತ್ರದಲ್ಲಿ ಪುತ್ತೂರು ಮತ್ತು ಕಾಸರಗೋಡು ಒಟ್ಟಿಗಿದ್ದವು. 1956ರ ನವೆಂಬರ್ 1ರ ಪುನರ್ವಿಂಗಡಣೆಯು ಈ ಕ್ಷೇತ್ರವನ್ನೇ ಸೀಳಿತು. ಪುತ್ತೂರು ಮೈಸೂರಿಗೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. 1957ರಲ್ಲಿ ಮಂಗಳೂರು ಕ್ಷೇತ್ರದಿಂದ ಕೆ. ಆರ್. ಆಚಾರ್, ಕಾಸರಗೋಡಿನಿಂದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಲೋಕಸಭೆಗೆ ಹೋದರು. ಗೋಪಾಲನ್ನರ ಸಂಸದೀಯ ಹಿರಿಮೆ ಪ್ರಶ್ನಾತೀತ. ಆದರೆ ದಕ್ಷಿಣಕ್ಕೆ ಚಾಚಿಕೊಂಡ ಆ ಕ್ಷೇತ್ರದಲ್ಲಿ ಗಡಿಭಾಗದ ಕನ್ನಡಿಗರು ಅಲ್ಪಸಂಖ್ಯಾತರಾದರು. ರಾಜ್ಯದ ಗಡಿಯನ್ನು ಬದಲಿಸಲು ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನ ಶಾಸನವೇ ಬೇಕು. ಹಾಗಾಗಿ ಈ ನಷ್ಟ ಕೇವಲ ಭಾವನಾತ್ಮಕವಾದುದಲ್ಲ. ಚಂದ್ರಗಿರಿ ನದಿಯ ಉತ್ತರಭಾಗವನ್ನು ಮೈಸೂರಿಗೆ ಸೇರಿಸಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸು ಶಾಸನವಾಗಲಿಲ್ಲ.

ಅತ್ತ ಕಾಸರಗೋಡನ್ನು ಕಳೆದುಕೊಂಡ ಮಂಗಳೂರು ಕ್ಷೇತ್ರಕ್ಕೆ ಇತ್ತ ಕೊಡಗು ಜೊತೆಗೂಡಿತು. 1962ರಲ್ಲಿ ಎ. ಶಂಕರ ಆಳ್ವರು ಗೆದ್ದರು. 1967ರಲ್ಲಿ ಗೆದ್ದ ಸಿ. ಎಂ. ಪೂಣಚ್ಚನವರು ಹಿಂದಿನ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಅದೇ ವರ್ಷ ಕೇಂದ್ರದ ರೈಲ್ವೆ ಸಚಿವರೂ ಆದರು. ಆದರೂ ನರಿಮೊಗರಿನ ಮೂಲಕ ಹಾದುಹೋಗುವ ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಕ್ಷೇತ್ರದವರೇ ಸಚಿವರಾದ ಮಾತ್ರಕ್ಕೆ ಘಟ್ಟದ ಕಾಮಗಾರಿ ಬೇಗ ಮುಗಿಯುವುದಿಲ್ಲವಷ್ಟೆ.

1971ರಲ್ಲಿ ಕೆ. ಕೆ. ಶೆಟ್ಟಿಯವರು ಆಯ್ಕೆಯಾದರು. 1977ರಿಂದ ಬಿ. ಜನಾರ್ದನ ಪೂಜಾರಿ, 1991ರಿಂದ ವಿ. ಧನಂಜಯ ಕುಮಾರ್ ತಲಾ ನಾಲ್ಕು ಬಾರಿ ಗೆದ್ದರು. 2004ರಲ್ಲಿ ಪುತ್ತೂರಿನ ಶಾಸಕರಾಗಿದ್ದ ಡಿ. ವಿ. ಸದಾನಂದ ಗೌಡರು ಎಂ. ವೀರಪ್ಪ ಮೊಯಿಲಿಯವರನ್ನು ಸೋಲಿಸಿ ಲೋಕಸಭೆ ಪ್ರವೇಶಿಸಿದರು. ಅದು ಮಂಗಳೂರು ಎಂಬ ಹೆಸರಿನ ಕ್ಷೇತ್ರಕ್ಕೆ ನಡೆದ ಕೊನೆಯ ಮಹಾಚುನಾವಣೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕೊಡಗು ಮೈಸೂರು ಕ್ಷೇತ್ರಕ್ಕೆ ಸರಿಯಿತು; ಪುತ್ತೂರು, ಸುಳ್ಯ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳ ದಕ್ಷಿಣ ಕನ್ನಡ ಕ್ಷೇತ್ರ 2009ರಲ್ಲಿ ತನ್ನ ಮೊದಲ ಸದಸ್ಯರಾಗಿ ನಳಿನ್ ಕುಮಾರ್ ಕಟೀಲರನ್ನು ಆರಿಸಿತು.