ಪ್ಯಾಚ್ ಹಾಕಿದ್ದಾಯ್ತು, ಆದರೆ ಓಡ್ತಿರೋದು ಯಾವುದು?

ಸರ್ವರ್‌ನಲ್ಲಿ ಭದ್ರತಾ ಲೋಪ ಇದೆ ಅಂತ ಸುದ್ದಿ ಬರುತ್ತೆ. ಪ್ಯಾಚ್ ಹಾಕ್ತಾರೆ, ‘ಸರಿಪಡಿಸಲಾಗಿದೆ’ ಅಂತ ವರದಿ ಬರೆದು ಕೈತೊಳೆದುಕೊಳ್ತಾರೆ. ಆದರೆ ಪ್ಯಾಚ್ ಬಿದ್ದಿದ್ದು ಡಿಸ್ಕ್‌ನಲ್ಲಿರುವ ಫೈಲಿಗೆ. ನಿಮ್ಮ ಪಾಸ್‌ವರ್ಡ್ ಮುಟ್ಟುತ್ತಿರುವುದು ಮೆಮೊರಿಯಲ್ಲಿ ಓಡುತ್ತಿರುವ ಪ್ರೋಗ್ರಾಮ್. ಎರಡೂ ಒಂದೇ ಆಗಿರಬೇಕಿಲ್ಲ.

2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ಇದಕ್ಕೆ ಒಳ್ಳೆಯ ಉದಾಹರಣೆ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಈ ದೋಷದಿಂದ ಹೊರಗಿನವರು ಸರ್ವರ್ ಮೆಮೊರಿಯನ್ನು ಒಂದು ಸಲಕ್ಕೆ 64 ಕಿಲೋಬೈಟ್ ತನಕ ಓದಬಹುದಿತ್ತು. 1.0.1ಜಿ ಆವೃತ್ತಿಯಲ್ಲಿ ಪರಿಹಾರ ಬಂತು. ಆದರೆ ಅದನ್ನು ಇನ್‌ಸ್ಟಾಲ್ ಮಾಡಿ ವೆಬ್ ಸರ್ವರ್ ರೀಸ್ಟಾರ್ಟ್ ಮಾಡದಿದ್ದರೆ, ಸೋರಿಕೆ ಹಾಗೇ ಮುಂದುವರಿಯುತ್ತಿತ್ತು.

ಯಾಕೆ ಹೀಗೆ?

ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡ್‌ಗೆ ಶೇರ್ಡ್ ಲೈಬ್ರರಿ ಅಂತಾರೆ. ಲಿನಕ್ಸ್‌ನಲ್ಲಿ ಅದು ‘ಎಸ್‌ಒ’ ಫೈಲ್, ವಿಂಡೋಸ್‌ನಲ್ಲಿ ‘ಡಿಎಲ್‌ಎಲ್’. ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಶುರುವಾದಾಗ ಲೋಡರ್ ಇವನ್ನು ಮೆಮೊರಿಗೆ ಜೋಡಿಸುತ್ತೆ. ಆಮೇಲೆ ಅದೇ ಹೆಸರಲ್ಲಿ ಹೊಸ ಫೈಲ್ ಬಂದರೂ, ಪ್ರೊಸೆಸ್ ಬಿಡುವ ತನಕ ಹಳೆಯದನ್ನು ಕರ್ನಲ್ ಉಳಿಸಿಕೊಂಡಿರುತ್ತೆ.

ಫೈಲನ್ನಲ್ಲ, ಪ್ರೊಸೆಸ್ಸನ್ನೇ ಕೇಳಿ

ಹೆಚ್ಚಿನವರು ಮೊದಲು ಓಡಿಸುವುದು ‘ಎಲ್‌ಡಿಡಿ’ ಕಮಾಂಡ್. ಅದು ಹೇಳುವುದು, ಈಗ ಶುರು ಮಾಡಿದರೆ ಏನೇನು ಲೋಡ್ ಆದೀತು ಅಂತ ಮಾತ್ರ. ಓಡುವಾಗ ನಡುವೆ ಸೇರಿದ ಪ್ಲಗಿನ್‌ಗಳು ಅದರಲ್ಲಿ ಕಾಣಲ್ಲ. ನಂಬಿಕೆಯಿಲ್ಲದ ಫೈಲ್ ಮೇಲಂತೂ ಅದನ್ನು ಬಳಸಲೇಬೇಡಿ. ಆ ಫೈಲಿನ ಕೋಡ್ ಓಡಿಬಿಡಬಹುದು.

ನಿಜವಾದ ಪಟ್ಟಿ ಇರುವುದು ‘ಪ್ರಾಕ್’ ಡೈರೆಕ್ಟರಿಯಲ್ಲಿ. ‘ಪಿಗ್ರೆಪ್’ ಕಮಾಂಡಿನಿಂದ ಪ್ರೊಸೆಸ್ ನಂಬರ್ ತಿಳಿದುಕೊಂಡು, ಆ ನಂಬರಿನ ಫೋಲ್ಡರ್ ಒಳಗಿನ ‘ಮ್ಯಾಪ್ಸ್’ ಫೈಲ್ ಓದಿ. ಬೇರೆಯವರ ಪ್ರೊಸೆಸ್ ಆದರೆ ರೂಟ್ ಅನುಮತಿ ಬೇಕು. ಒಂದೇ ಲೈಬ್ರರಿ ಹಲವು ಸಾಲುಗಳಲ್ಲಿ ಬಂದರೆ ಗಾಬರಿ ಬೇಡ: ಕೋಡ್, ಡೇಟಾ ಭಾಗಗಳು ಬೇರೆ ಬೇರೆ ಸಾಲಲ್ಲಿರುತ್ತವೆ. ಇದನ್ನೇ ‘ಪಿಮ್ಯಾಪ್’ ಓದಲು ಸುಲಭವಾಗಿ ತೋರಿಸುತ್ತೆ. ವಿಂಡೋಸ್‌ನಲ್ಲಿ ‘ಟಾಸ್ಕ್‌ಲಿಸ್ಟ್’ಗೆ ‘ಎಂ’ ಆಯ್ಕೆ ಕೊಡಿ. ಮ್ಯಾಕ್‌ನಲ್ಲಿ ‘ವಿಎಂಮ್ಯಾಪ್’ ಇದೆ.

ಅಪ್‌ಡೇಟ್ ನಂತರ ‘ಮ್ಯಾಪ್ಸ್’ನಲ್ಲಿ ಲೈಬ್ರರಿ ಹೆಸರಿನ ಪಕ್ಕ ‘ಡಿಲೀಟೆಡ್’ ಅಂತ ಕಂಡರೆ ಹಳೆಯದು ಇನ್ನೂ ಓಡ್ತಿದೆ ಅಂತರ್ಥ. ಆ ಸೇವೆಯನ್ನು ರೀಸ್ಟಾರ್ಟ್ ಮಾಡಲೇಬೇಕು. ಡೆಬಿಯನ್, ಉಬುಂಟುಗಳಲ್ಲಿ ‘ನೀಡ್‌ರೀಸ್ಟಾರ್ಟ್’ ಈ ಹುಡುಕಾಟವನ್ನು ತಾನೇ ಮಾಡುತ್ತೆ.

ಕರೆಯದೇ ಬಂದ ಅತಿಥಿ

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ‘ಎಕ್ಸ್‌ಝಡ್’ ಹಿಂಬಾಗಿಲನ್ನು ಬಯಲು ಮಾಡಿದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದೇ ಅವರಿಗೆ ಸಿಕ್ಕ ಸುಳಿವು. ಮೂಲ ಎಸ್‌ಎಸ್‌ಎಚ್ ಸರ್ವರ್‌ಗೆ ಆ ಕಂಪ್ರೆಷನ್ ಲೈಬ್ರರಿಯ ಅಗತ್ಯವೇ ಇರಲಿಲ್ಲ. ಕೆಲವು ಲಿನಕ್ಸ್ ವಿತರಣೆಗಳು ಅದಕ್ಕೆ ಸಿಸ್ಟಂಡಿ ಲೈಬ್ರರಿ ಸೇರಿಸಿದ್ದವು. ಅದರ ಬೆನ್ನಿಗೆ ಇದೂ ಒಳಬಂದಿತ್ತು. ಪಟ್ಟಿ ನೋಡುವಾಗ ‘ಹಳೆಯದಾ?’ ಅಂತ ಕೇಳಿದರೆ ಸಾಲದು, ‘ಇದಕ್ಕೆ ಇಲ್ಲೇನು ಕೆಲಸ?’ ಅಂತಲೂ ಕೇಳಬೇಕು.

ಈ ಪಟ್ಟಿಗೂ ಮಿತಿ ಇದೆ. ಲೈಬ್ರರಿಯ ಕೋಡನ್ನು ತನ್ನೊಳಗೇ ಬೆಸೆದುಕೊಂಡ ಪ್ರೋಗ್ರಾಮ್‌ಗಳಲ್ಲಿ (ಗೋ ಭಾಷೆಯ ಬಹಳಷ್ಟು ಪ್ರೋಗ್ರಾಮ್‌ಗಳು ಹೀಗೇ) ಅದು ಬೇರೆಯಾಗಿ ಕಾಣಲ್ಲ. ಹೊಸದಾಗಿ ಬಿಲ್ಡ್ ಮಾಡುವುದೇ ದಾರಿ. ಕಂಟೇನರ್ ಒಳಗಿನ ಲೈಬ್ರರಿಯೂ ಹೋಸ್ಟ್ ಅಪ್‌ಡೇಟ್ ಮಾಡಿದರೆ ಬದಲಾಗಲ್ಲ.

ಹಾಗಾಗಿ ‘ಸರಿಪಡಿಸಲಾಗಿದೆ’ ಅನ್ನುವ ವರದಿ ಕೈಗೆ ಬಂದಾಗ ಆವೃತ್ತಿ ಸಂಖ್ಯೆಗೆ ತೃಪ್ತರಾಗಬೇಡಿ. ರೀಸ್ಟಾರ್ಟ್ ಆದ ಮೇಲಿನ ಪಟ್ಟಿ ತೋರಿಸಿ ಅಂತ ಕೇಳಿ.