ಸವಾರಿಯ ಅವಧಿಯೂ ಸರದಿಯ ಸಾಲೂ: ಅಮೆರಿಕದ ವಿನೋದೋದ್ಯಾನಗಳ ಇತಿಹಾಸದಲ್ಲಿ ಒಂದು ಪ್ರಶ್ನೆ

ರಾಜವಂಶಗಳ ಏಳುಬೀಳುಗಳನ್ನೂ ಕಂದಾಯದ ಪದ್ಧತಿಗಳನ್ನೂ ಕುರಿತು ಬರೆಯುವಷ್ಟು ಶ್ರದ್ಧೆಯಿಂದ ಇತಿಹಾಸಕಾರರು ಜನಸಾಮಾನ್ಯರ ವಿನೋದಗಳನ್ನು ಕುರಿತು ಬರೆದಿಲ್ಲ. ಆದರೆ ಒಂದು ಸಮಾಜದ ರೀತಿನೀತಿಗಳು ದುಡಿಮೆಯ ದಿನದಲ್ಲಿ ಕಾಣುವಂತೆಯೇ ಬಿಡುವಿನ ದಿನದಲ್ಲಿಯೂ ಕಾಣಬಲ್ಲವು. ಪ್ರಕೃತ ಲೇಖನದಲ್ಲಿ ನಾವು ಅಮೆರಿಕದ ವಿನೋದೋದ್ಯಾನಗಳನ್ನು, ಎಂದರೆ ಇಂದು ಥೀಮ್ ಪಾರ್ಕ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ತಾಣಗಳನ್ನೂ ಅವುಗಳಿಗೆ ಹಿಂದಿನವನ್ನೂ, ತೆಗೆದುಕೊಂಡು ಒಂದು ಪ್ರಶ್ನೆಯನ್ನು ಪರಿಶೀಲಿಸುವೆವು. ಇಂಥ ತಾಣದ ಆಕರ್ಷಣೆಗೆ ಸವಾರಿಯ ಅವಧಿ ಎಷ್ಟರಮಟ್ಟಿಗೆ ಕಾರಣ, ಅದರ ಜನಪ್ರಿಯತೆ ಎಷ್ಟರಮಟ್ಟಿಗೆ ಕಾರಣ?

ಮೇಲುನೋಟಕ್ಕೆ ಉತ್ತರ ಸುಲಭವಾಗಿ ತೋರುತ್ತದೆ. ಸವಾರಿ ದೀರ್ಘವಾದಷ್ಟೂ, ಅದನ್ನು ಮೆಚ್ಚಿದವರು ಹೆಚ್ಚಿದಷ್ಟೂ ಉದ್ಯಾನಕ್ಕೆ ಲಾಭವೆಂದು ಯಾರಾದರೂ ಹೇಳಬಹುದು. ಆದರೆ ಈ ಎರಡು ಗುಣಗಳು ಪರಸ್ಪರ ವಿರೋಧಿಗಳು. ಜನರು ಮುತ್ತಿಕೊಂಡ ಸವಾರಿಯ ಮುಂದೆ ಸಾಲು ಬೆಳೆಯುತ್ತದೆ. ಸವಾರಿ ದೀರ್ಘವಾಗಿದ್ದರೆ ಆ ಸಾಲು ನಿಧಾನವಾಗಿ ಕರಗುತ್ತದೆ. ಈ ವಿರೋಧವನ್ನು ಉದ್ಯಾನಗಳ ಒಡೆಯರು ಕಾಲಕಾಲಕ್ಕೆ ಹೇಗೆ ಪರಿಹರಿಸಿಕೊಂಡರು, ಆ ಪರಿಹಾರದ ಭಾರ ಯಾರ ಮೇಲೆ ಬಿದ್ದಿತು ಎಂಬುದೇ ಇಲ್ಲಿಯ ವಿಚಾರ.

ನ್ಯೂಯಾರ್ಕಿನ ಕಡಲತೀರದ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತನು 1884ರಲ್ಲಿ ತನ್ನ ಸ್ವಿಚ್‌ಬ್ಯಾಕ್ ರೈಲುದಾರಿಯನ್ನು ತೆರೆದನು. ಅದರ ಉದ್ದ ಸುಮಾರು 600 ಅಡಿ, ವೇಗ ಗಂಟೆಗೆ ಸುಮಾರು 6 ಮೈಲಿ, ಬೆಲೆ 5 ಸೆಂಟು. ಸವಾರರು ಒಂದು ಗೋಪುರವನ್ನು ಹತ್ತಿ ಬೆಂಚಿನಂಥ ಬಂಡಿಯಲ್ಲಿ ಕುಳಿತು ಎದುರಿನ ಗೋಪುರಕ್ಕೆ ಜಾರುತ್ತಿದ್ದರು. ಅಲ್ಲಿ ಇಳಿದು ಇನ್ನೊಂದು ಹಳಿಯ ಮೇಲೆ ಹಿಂದಿರುಗುತ್ತಿದ್ದರು. ಕೆಲವೇ ಕ್ಷಣಗಳ ಈ ಜಾರುವಿಕೆಗಾಗಿ ಕಾರ್ಖಾನೆಗಳ ಕೂಲಿಕಾರರೂ ಅಂಗಡಿಗಳ ನೌಕರರೂ ಮುಗಿಬಿದ್ದರು. ಆನಂದವು ಅವಧಿಯನ್ನು ಅವಲಂಬಿಸಿಲ್ಲವೆಂಬುದಕ್ಕೆ ಇದೇ ಮೊದಲ ಸಾಕ್ಷಿ. ಸವಾರಿ ಬೇಗ ಮುಗಿಯುತ್ತಿದ್ದುದರಿಂದಲೇ ಬೆಲೆ ಕಡಿಮೆಯಿರುವುದು ಸಾಧ್ಯವಾಯಿತು. ಬೆಲೆ ಕಡಿಮೆಯಿದ್ದುದರಿಂದಲೇ ಅದು ಬಡವನ ಕೈಗೂ ಎಟುಕಿತು. ಥಾಂಪ್ಸನ್ನನಾದರೋ ಅಲ್ಲಿಗೇ ನಿಲ್ಲಲಿಲ್ಲ. 1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನು ನಿರ್ಮಿಸಿದ ದೃಶ್ಯರೈಲು ಸುರಂಗಗಳನ್ನೂ ಬಣ್ಣದ ಚಿತ್ರಗಳನ್ನೂ ದೀಪಗಳನ್ನೂ ಒಳಗೊಂಡಿತ್ತು. ಇಲ್ಲಿ ವೇಗಕ್ಕಿಂತ ಕಥೆ ಮುಖ್ಯವಾಯಿತು. ಕಥೆ ಹೇಳಬೇಕಾದರೆ ಹೊತ್ತು ಬೇಕು.

ದೀರ್ಘವಾದ ಸವಾರಿಯೂ ಬಹುಸಂಖ್ಯೆಯ ಜನರನ್ನು ತೃಪ್ತಿಪಡಿಸಬಲ್ಲುದೆಂಬುದನ್ನು ಮೊದಲು ಭವ್ಯವಾಗಿ ತೋರಿಸಿದುದು 1893ರ ಷಿಕಾಗೋ ವಿಶ್ವಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಎಂಬ ಇಂಜಿನಿಯರನು ನಿಲ್ಲಿಸಿದ ಚಕ್ರ. ನಮ್ಮ ಜಾತ್ರೆಗಳ ರಂಕಲರಾಟೆಯನ್ನು ಬಲ್ಲ ವಾಚಕರು ಅದನ್ನು 264 ಅಡಿಗಳ ಎತ್ತರಕ್ಕೆ ಹಿಗ್ಗಿಸಿ ಊಹಿಸಿಕೊಳ್ಳಬಹುದು. 36 ಪೆಟ್ಟಿಗೆಗಳು, ಒಂದೊಂದರಲ್ಲಿ 60 ಜನ. ಎಲ್ಲವೂ ತುಂಬಿದರೆ ಒಮ್ಮೆಗೆ 2,160 ಜನ. ಚಕ್ರವು ಎರಡು ಸುತ್ತು ತಿರುಗುತ್ತಿತ್ತು. ಮೊದಲನೆಯ ಸುತ್ತಿನಲ್ಲಿ ಆರು ಬಾರಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಎರಡನೆಯದು ಎಲ್ಲಿಯೂ ನಿಲ್ಲದ ಸುತ್ತು. ಒಟ್ಟು ಅವಧಿ ಸುಮಾರು 20 ನಿಮಿಷ. ಇದರಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಹಿಂದಿನವರು ಹತ್ತುವುದಕ್ಕಾಗಿ ಕಾಯುವ ಹೊತ್ತನ್ನು ಫೆರಿಸನ ಚಕ್ರವು ಸವಾರಿಯ ಭಾಗವನ್ನಾಗಿಯೇ ಮಾಡಿಬಿಟ್ಟಿತು. ಕಾಯುವವನು ನೆಲದ ಮೇಲೆ ನಿಂತಿರದೆ ಆಕಾಶದಲ್ಲಿ ಕುಳಿತು ಊರನ್ನು ನೋಡುತ್ತಿದ್ದನು. ಆದರೆ ಇದರ ಬೆಲೆ 50 ಸೆಂಟು, ಎಂದರೆ ಇಡೀ ಪ್ರದರ್ಶನದ ಪ್ರವೇಶಧನದಷ್ಟೇ. ಆದರೂ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದನ್ನು ಏರಿದರು.

ಈ ಎರಡು ಉದಾಹರಣೆಗಳ ನಡುವೆ ಅಡಗಿರುವ ಲೆಕ್ಕವನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ತಿಳಿಯುವುದು ಒಳ್ಳೆಯದು. 1927ರಲ್ಲಿ ಕೋನಿ ಐಲೆಂಡಿನಲ್ಲಿ ಆರಂಭವಾಗಿ ಈಗಲೂ ನಡೆಯುತ್ತಿರುವ ಸೈಕ್ಲೋನ್ ಎಂಬ ರೋಲರ್ ಕೋಸ್ಟರಿನ ಹಳಿ 2,640 ಅಡಿ ಉದ್ದ. ಒಂದು ಬಂಡಿಸಾಲಿನಲ್ಲಿ 24 ಜನ. ಸವಾರಿಗೆ ಎರಡು ನಿಮಿಷಕ್ಕೂ ಸ್ವಲ್ಪ ಕಡಿಮೆ. ಇಂಥ ಒಂದೇ ಬಂಡಿಸಾಲು, ಇಳಿಸಿ ಹತ್ತಿಸುವ ಹೊತ್ತೂ ಸೇರಿ, 3 ನಿಮಿಷಕ್ಕೊಮ್ಮೆ ಹೊರಡುವುದೆಂದು ಇಟ್ಟುಕೊಳ್ಳೋಣ. ಗಂಟೆಗೆ 480 ಜನರಿಗೆ ಅವಕಾಶವಾಗುತ್ತದೆ. ಸವಾರಿಯನ್ನು ಹಿಗ್ಗಿಸಿ 6 ನಿಮಿಷಕ್ಕೊಮ್ಮೆ ಹೊರಡುವಂತೆ ಮಾಡಿದರೆ 240 ಜನರಿಗೆ ಮಾತ್ರ ಅವಕಾಶ. ಸಾಲಿನಲ್ಲಿ 480 ಜನರಿದ್ದರೆ ಕೊನೆಯವನು ಒಂದು ಗಂಟೆಗೆ ಬದಲಾಗಿ ಎರಡು ಗಂಟೆ ನಿಲ್ಲಬೇಕು. ಮೂರು ನಿಮಿಷದ ಹೆಚ್ಚಿನ ಸಂತೋಷಕ್ಕೆ ಒಂದು ಗಂಟೆಯ ಹೆಚ್ಚಿನ ಬೇಸರ! ಆದರೆ ಒಂದೇ ಬಂಡಿಯ ಬದಲು ಅನೇಕ ಬಂಡಿಗಳು ಒಂದರ ಹಿಂದೆ ಒಂದು ಹೊರಡುವಂತಾದರೆ ಅವಧಿಗೂ ಸಾಲಿಗೂ ಇರುವ ಈ ಕಟ್ಟು ಬಿಚ್ಚಿಹೋಗುತ್ತದೆ. ಆಗ ಮುಖ್ಯವಾಗುವುದು ಎರಡು ಬಂಡಿಗಳ ನಡುವಣ ಅಂತರ, ಪ್ರಯಾಣದ ಉದ್ದವಲ್ಲ.

ಕ್ಯಾಲಿಫೋರ್ನಿಯದ ಆನಹೈಮಿನಲ್ಲಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡು ಈ ಸಮಸ್ಯೆಯನ್ನು ಮೊದಲು ಬೆಲೆಯಿಂದ ಬಿಡಿಸಲು ಯತ್ನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿ ಟಿಕೆಟಿನ ಪುಸ್ತಕಗಳು ಬಂದುವು. ಸವಾರಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಒಂದೊಂದು ವರ್ಗಕ್ಕೂ ಬೇರೆ ಟಿಕೆಟು ಕೊಡಲಾಯಿತು. 1956ರಲ್ಲಿ ಡಿ, 1959ರಲ್ಲಿ ಇ ವರ್ಗಗಳು ಸೇರಿದುವು. 1959ರಲ್ಲಿ ಮ್ಯಾಟರ್‌ಹಾರ್ನ್ ಪರ್ವತದ ಜಾರುಬಂಡಿಯೂ ಜಲಾಂತರ್ಗಾಮಿಯ ಯಾನವೂ ಹೊಸದಾಗಿ ಪ್ರಾರಂಭವಾದುವು. ಮೊದಲನೆಯದು ಎರಡು ಮೂರು ನಿಮಿಷಗಳಲ್ಲಿ ಮುಗಿಯುವಂಥದು. ಎರಡನೆಯದು ಅದಕ್ಕಿಂತ ಬಹಳ ದೀರ್ಘವಾದುದು. ಆದರೂ ಎರಡಕ್ಕೂ ಇ ವರ್ಗದ ಟಿಕೆಟೇ ಬೇಕಾಗಿತ್ತು. ಒಡೆಯರು ನಿಮಿಷಗಳನ್ನು ತೂಗಿ ಬೆಲೆ ಕಟ್ಟಲಿಲ್ಲ, ಬಯಕೆಯನ್ನು ತೂಗಿ ಕಟ್ಟಿದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪುಸ್ತಕದಲ್ಲಿ ಉಳಿದ ಸಣ್ಣ ವರ್ಗಗಳ ಟಿಕೆಟುಗಳು ಜನರನ್ನು ಸಣ್ಣ ಸವಾರಿಗಳ ಕಡೆಗೂ ಕಳುಹಿಸುತ್ತಿದ್ದುವು. ಹೀಗೆ ಜನಸಂದಣಿ ಉದ್ಯಾನದ ತುಂಬ ಹರಡಿಕೊಳ್ಳುತ್ತಿತ್ತು.

ಎರಡನೆಯ ಪರಿಹಾರವು ಯಂತ್ರದಿಂದ ಬಂದಿತು. 1964 ಮತ್ತು 1965ರಲ್ಲಿ ನಡೆದ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕಾಗಿ ಡಿಸ್ನಿ ಸಂಸ್ಥೆಯವರು ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ದೋಣಿಸವಾರಿಯನ್ನು ನಿರ್ಮಿಸಿದರು. ನೀರಿನ ಸೆಳೆತದಲ್ಲಿ ದೋಣಿಗಳು ಎಡೆಬಿಡದೆ ತೇಲಿಬರುತ್ತಿದ್ದುವು. ಎರಡು ಋತುಗಳಲ್ಲಿ ಸುಮಾರು ಒಂದು ಕೋಟಿ ಜನ ಅದರಲ್ಲಿ ಸಾಗಿದರು. ಆಗ ಡಿಸ್ನಿಲ್ಯಾಂಡಿನಲ್ಲಿ ಕಡಲ್ಗಳ್ಳರನ್ನು ಕುರಿತು ನಡೆದುನೋಡುವ ಮೇಣದ ಬೊಂಬೆಗಳ ಪ್ರದರ್ಶನವೊಂದು ಯೋಜಿತವಾಗಿದ್ದಿತು. ನ್ಯೂಯಾರ್ಕಿನ ಅನುಭವದ ತರುವಾಯ ಅದು ದೋಣಿಯಾನವಾಗಿ ಮಾರ್ಪಟ್ಟು 1967ರ ಮಾರ್ಚಿಯಲ್ಲಿ ತೆರೆಯಿತು. ಅದರ ಅವಧಿ ಸುಮಾರು 15 ನಿಮಿಷ. 20 ಜನರ ದೋಣಿಯೊಂದು ಅರ್ಧ ನಿಮಿಷಕ್ಕೊಮ್ಮೆ ಹೊರಟಿತೆನ್ನೋಣ: ಗಂಟೆಗೆ 2,400 ಜನ ಸಾಗುವರು, ಮತ್ತು ಯಾವ ಕ್ಷಣದಲ್ಲಿಯೂ 600 ಜನ ನೀರಿನ ಮೇಲೆಯೇ ಇರುವರು. ಇಲ್ಲಿ ಸವಾರಿಯ ದೀರ್ಘತೆಯು ಸಾಲನ್ನು ಬೆಳೆಸುವುದಿಲ್ಲ. ಹೊರಗೆ ಅಲೆಯಬೇಕಾದ ಜನರನ್ನು ತನ್ನೊಳಗೆ ಇರಿಸಿಕೊಳ್ಳುತ್ತದೆ. ಅವಧಿ ಮತ್ತು ಜನಪ್ರಿಯತೆಗಳ ಹಳೆಯ ವೈರವು ಹೀಗೆ ಶಮನವಾಯಿತು.

ಆದರೆ ಎಲ್ಲ ಸವಾರಿಗಳೂ ದೋಣಿಗಳಾಗಲಾರವು. ಹಾರುವ ಆನೆಮರಿ ಡಂಬೋನ ಸವಾರಿಯಲ್ಲಿ ಎಲ್ಲರೂ ಒಮ್ಮೆಗೇ ಹತ್ತಿ ಒಮ್ಮೆಗೇ ಇಳಿಯಬೇಕು. ಸುತ್ತುವುದು ಎರಡು ನಿಮಿಷಕ್ಕೆ ಮೀರದು. ಎಳೆಯ ಮಕ್ಕಳಿಗೆ ಅದೇ ಬೇಕು. ಫ್ಲಾರಿಡದ ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ ಇದರ ಸಾಲು ಎಂದೂ ಕರಗದಿದ್ದುದರಿಂದ 2012ರಲ್ಲಿ ಎರಡನೆಯ ಚಕ್ರವನ್ನು ಸೇರಿಸಿ, ಕಾಯುವ ಮಕ್ಕಳಿಗೆ ಡೇರೆಯೊಳಗೆ ಆಟದ ಅಂಗಳವನ್ನೂ ಕಟ್ಟಲಾಯಿತು. ಫೆರಿಸನ ಚಕ್ರದ ಉಪಾಯವೇ ಇಲ್ಲಿ ಮತ್ತೆ ಕಾಣಿಸಿಕೊಂಡಿತೆಂದರೆ ತಪ್ಪಾಗದು.

ಇನ್ನು ಭಾರ ಯಾರದೆಂಬ ಪ್ರಶ್ನೆ. 1982ರಲ್ಲಿ ಡಿಸ್ನಿಲ್ಯಾಂಡಿನ ಟಿಕೆಟಿನ ಪುಸ್ತಕಗಳು ನಿಂತುಹೋಗಿ, ಒಂದೇ ಪ್ರವೇಶಧನಕ್ಕೆ ಎಲ್ಲ ಸವಾರಿಗಳೂ ತೆರೆದುವು. ಬಾಗಿಲೊಳಗೆ ಬಂದವರೆಲ್ಲರೂ ಸಮಾನರಾದರು. ಅಲ್ಲಿಂದ ಮುಂದೆ ಪ್ರತಿಯೊಬ್ಬನೂ ತೆರುತ್ತಿದ್ದುದು ಹಣವನ್ನಲ್ಲ, ತನ್ನ ಹೊತ್ತನ್ನು. ಹೊತ್ತು ಎಲ್ಲರಿಗೂ ಒಂದೇ ಅಳತೆಯ ನಾಣ್ಯ. 1999ರಲ್ಲಿ ಬಂದ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆಯು ಗೊತ್ತಾದ ವೇಳೆಗೆ ಹಿಂದಿರುಗಿ ಬರುವ ಅನುಕೂಲವನ್ನು ಬೇರೆ ಬೆಲೆಯಿಲ್ಲದೆ ಕೊಟ್ಟುದರಿಂದ ಈ ಸಮಾನತೆಯನ್ನು ಮುರಿಯಲಿಲ್ಲ. 2021ರಲ್ಲಿ ಅದರ ಸ್ಥಾನಕ್ಕೆ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂದಿತು. ಜನಪ್ರಿಯ ಸವಾರಿಗೆ ಹೆಚ್ಚು ಬೆಲೆಯೆಂಬ 1959ರ ನ್ಯಾಯವೇ ಹಿಂದಿರುಗಿತಾದರೂ ಒಂದು ವ್ಯತ್ಯಾಸವುಂಟು. ಅಂದು ಇ ಟಿಕೆಟು ಹಿಡಿದವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಇಂದು ಒಂದೇ ಸವಾರಿಗೆ ಎರಡು ಸಾಲುಗಳು; ಹಣವುಳ್ಳವನು ಮುಂದೆ ಸಾಗಿದಷ್ಟೂ ಇಲ್ಲದವನ ಕಾಯುವಿಕೆ ಬೆಳೆಯುತ್ತದೆ. ಈ ಪದ್ಧತಿ ನಮ್ಮ ನಾಡಿಗೂ ಹೊಸದಲ್ಲ. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿಯೂ ಹೆಚ್ಚಿನ ಬೆಲೆಗೆ ಬೇಗ ಸಾಗುವ ಟಿಕೆಟು ದೊರೆಯುತ್ತದೆ.

ಇದುವರೆಗಿನ ವಿವೇಚನೆಯಿಂದ ಹೊರಡುವ ನಿರ್ಣಯವಿಷ್ಟು. ಸವಾರಿಯ ಅವಧಿಯಾಗಲಿ ಜನಪ್ರಿಯತೆಯಾಗಲಿ ತಾನೇ ತಾನಾಗಿ ಉದ್ಯಾನದ ಆಕರ್ಷಣೆಯನ್ನು ನಿರ್ಧರಿಸದು. ಬಂದವನು ಸಂಜೆ ಮನೆಗೆ ಹೋಗುವಾಗ ತೂಗಿ ನೋಡುವುದು ಕಾದ ಹೊತ್ತಿಗೂ ಕುಳಿತ ಹೊತ್ತಿಗೂ ಇರುವ ಪ್ರಮಾಣವನ್ನು. ಆ ಪ್ರಮಾಣವನ್ನು ಯಂತ್ರಕೌಶಲದಿಂದ ಎಲ್ಲರಿಗೂ ಉತ್ತಮಪಡಿಸಬಹುದು. ಬೆಲೆಯಿಂದ ಕೆಲವರಿಗೆ ಮಾತ್ರ ಉತ್ತಮಪಡಿಸಬಹುದು. ಮೊದಲನೆಯ ದಾರಿಗೆ ಬಂಡವಾಳವೂ ಬುದ್ಧಿಯೂ ಬೇಕು, ಎರಡನೆಯದಕ್ಕೆ ಇನ್ನೊಂದು ಬಾಗಿಲು ಸಾಕು. ಒಂದು ಕಾಲದ ಜನ ಇವುಗಳಲ್ಲಿ ಯಾವುದನ್ನು ಸಹಜವೆಂದು ಒಪ್ಪಿಕೊಂಡರೆಂಬುದು ಆ ಕಾಲದ ಸಮಾಜವನ್ನು ಅರಿಯಲು ಉಪಯುಕ್ತವಾದ ಆಧಾರ. ವಿನೋದದ ಇತಿಹಾಸವು ಅಧ್ಯಯನಕ್ಕೆ ಅರ್ಹವಾಗುವುದು ಈ ಕಾರಣದಿಂದಲೇ.