ಸಿಂಪ್ಯೂಟರ್
ಬೆಂಗಳೂರಿನಲ್ಲಿ ರೂಪುಗೊಂಡ, ಲಿನಕ್ಸ್ ಆಧಾರಿತ ಅಂಗೈ ಗಣಕ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರೂ ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರೂ ಸೇರಿ 1999ರಲ್ಲಿ ಸ್ಥಾಪಿಸಿದ ಸಿಂಪ್ಯೂಟರ್ ಟ್ರಸ್ಟ್ ಇದನ್ನು ವಿನ್ಯಾಸಗೊಳಿಸಿತು. ಹಳ್ಳಿಯ ಬಳಕೆಯೇ ಗುರಿಯಾದ್ದರಿಂದ ವೇಗಕ್ಕಿಂತ ಗಾತ್ರ ಮತ್ತು ವಿದ್ಯುತ್ ಉಳಿತಾಯಕ್ಕೆ ಒತ್ತು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ ಅಂದಿನ ಲ್ಯಾಪ್‌ಟಾಪ್‌ಗಳ ಮುಂದೆ ನಿಧಾನ. ಆದರೆ ವಿದ್ಯುತ್ ಬಳಕೆಯೂ ಬಿಸಿಯಾಗುವುದೂ ತೀರ ಕಡಿಮೆ, ಹಾಗಾಗಿ ಫ್ಯಾನ್ ಬೇಕಿರಲಿಲ್ಲ, ಸಣ್ಣ ಎಎಎ ಸೆಲ್‌ಗಳೇ ಸಾಕಾಗುತ್ತಿದ್ದವು. ಕೀಲಿಮಣೆ ಇರಲಿಲ್ಲ, 320×240 ಚುಕ್ಕೆಗಳ ಸ್ಪರ್ಶಪರದೆಯ ಮೇಲೆ ಕಡ್ಡಿಯಿಂದ ಬರೆಯಬೇಕಿತ್ತು, ಉದ್ದನೆಯ ಬರಹಕ್ಕೆ ಇದು ತ್ರಾಸದ ಕೆಲಸವಾಗಿತ್ತು. ಸ್ಮಾರ್ಟ್‌ಕಾರ್ಡ್ ಮೂಲಕ ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದಿತ್ತು. ಕನ್ನಡ ಪಠ್ಯವನ್ನು ಅದು ಓದಿಯೂ ಹೇಳುತ್ತಿತ್ತು. ಕರ್ನಾಟಕ ಸರ್ಕಾರ ಇದನ್ನು ಭೂದಾಖಲೆ ಕೆಲಸಕ್ಕೆ ಬಳಸಿತು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ಮಾರಾಟ ಮಾತ್ರ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ.